ಹಿಜ್ಕೀಯನು ಒಡೆದ ಸರ್ಪವೂ ನಾವು ಉಳಿಸಿಕೊಂಡಿರುವ ಭರವಸೆಗಳೂ

ಬೈಬಲಿನ ಅರಸುಗಳು ಎರಡನೆಯ ಭಾಗದ 18ನೆಯ ಅಧ್ಯಾಯದಲ್ಲಿ, ಯೆಹೂದದ ಅರಸನಾದ ಹಿಜ್ಕೀಯನು ಪೂಜಾಸ್ಥಳಗಳನ್ನು ಹಾಳುಮಾಡಿ ಕಲ್ಲುಕಂಬಗಳನ್ನು ಒಡೆದ ಸಂಗತಿಯನ್ನು ಹೇಳಿದ ಮೇಲೆ, ಮೋಶೆ ಮಾಡಿಸಿದ್ದ ತಾಮ್ರದ ಸರ್ಪವನ್ನೂ ಅವನು ಚೂರುಚೂರು ಮಾಡಿದನೆಂದು ಬರೆದಿದೆ. ಅನ್ಯದೇವತೆಗಳ ಕಂಬಗಳು ಉರುಳಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಸರ್ಪವನ್ನು ಮಾಡಿಸೆಂದು ಅಪ್ಪಣೆ ಕೊಟ್ಟವನು ದೇವರೇ. ಅರಣ್ಯಕಾಂಡ 21ರಲ್ಲಿ ಹಾವು ಕಚ್ಚಿಸಿಕೊಂಡವರು ಅದನ್ನು ನೋಡಿ ಬದುಕಿಕೊಂಡದ್ದೂ ನಿಜವೇ. ಅಂಥ ವಸ್ತುವನ್ನು ಜನರು ತಲೆತಲಾಂತರ ಜೋಪಾನಮಾಡಿ, ಕೊನೆಗೆ ಅದಕ್ಕೇ ಧೂಪಹಾಕತೊಡಗಿದ್ದರು. ಅದನ್ನು ಒಡೆದ ಸಂಗತಿಯ ಮರುವಚನದಲ್ಲೇ, ಹಿಜ್ಕೀಯನು ಇಸ್ರಾಯೇಲ್ ದೇವರಾದ ಯೆಹೋವನಲ್ಲಿ ಭರವಸವಿಟ್ಟನೆಂಬ ಮಾತು ಬರುತ್ತದೆ. ಈ ಎರಡು ವಚನಗಳು ಒಂದರ ಪಕ್ಕ ಒಂದು ಕುಳಿತಿರುವುದು ಬರೀ ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ.

ಸುಳ್ಳು ಭರವಸೆ ಎಂದಾಗ ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಹಣ, ಅಧಿಕಾರ, ಲೋಕದ ಸ್ನೇಹ ಎಂಬ ಮಾತುಗಳೇ ಕೇಳಿಬರುತ್ತವೆ. ಅವು ಅಪಾಯಕಾರಿ ಎಂಬುದು ಎಲ್ಲರಿಗೂ ಗೊತ್ತಿದೆ. ಗೊತ್ತಿರುವ ಕಾರಣದಿಂದಲೇ ಅವುಗಳ ವಿಷಯದಲ್ಲಿ ಒಂದಿಷ್ಟು ಎಚ್ಚರವೂ ಇದೆ. ನನ್ನ ಆತಂಕವಿರುವುದು ದೇವರೇ ಕೊಟ್ಟ ಒಳ್ಳೆಯ ವರಗಳ ಬಗ್ಗೆ. ಎಂದೋ ಸಿಕ್ಕಿದ ಬಿಡುಗಡೆಯ ಸಾಕ್ಷಿ, ತಪ್ಪದೆ ಮಾಡುವ ಮುಂಜಾನೆಯ ಪ್ರಾರ್ಥನೆ, ಬಾಯಿಪಾಠವಾಗಿರುವ ವಾಕ್ಯಗಳು, ವರ್ಷಗಟ್ಟಲೆ ಮಾಡಿದ ಸೇವೆ, ನಮಗಾಗಿ ಪ್ರಾರ್ಥಿಸುವ ದೇವಸೇವಕರು: ಇವುಗಳಲ್ಲಿ ಒಂದನ್ನೂ ಕೆಟ್ಟದ್ದೆನ್ನಲು ಸಾಧ್ಯವಿಲ್ಲ. ಆದಕಾರಣ, ದೇವರ ಮೇಲೆ ಇರಬೇಕಾದ ಭಾರವು ಯಾವಾಗ ಇವುಗಳ ಮೇಲೆ ಜಾರಿತೆಂಬುದು ನಮಗೆ ತಿಳಿಯುವುದೇ ಇಲ್ಲ. ಪ್ರವಾದಿಯಾದ ಯೆರೆಮೀಯನ ಕಾಲದ ಜನರು “ಯೆಹೋವನ ಆಲಯ” ಎಂದು ಮೂರು ಸಾರಿ ಹೇಳಿಕೊಂಡು ನಿಶ್ಚಿಂತರಾಗಿದ್ದರು. ಆಲಯವು ಯೆಹೋವನದೇ ಆಗಿತ್ತು. ಹಾಗಿದ್ದರೂ ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಬಾಬೆಲಿನವರು ಅದನ್ನು ಸುಟ್ಟುಹಾಕಿದರು.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಅದು ನಮ್ಮ ನಂಬಿಕೆಯ ಮೇಲೆಯೇ ನಾವು ಇಡುವ ನಂಬಿಕೆ. ಆಸ್ಪತ್ರೆಯ ವಾರ್ಡಿನಲ್ಲಿ ಮಗನ ಕೈ ಹಿಡಿದು ಕುಳಿತಿರುವ ತಾಯಿಯನ್ನು ನೋಡಲು ಬಂದ ವಿಶ್ವಾಸಿಯೊಬ್ಬರು ಪ್ರಾರ್ಥನೆ ಮುಗಿಸಿ, ಹೊರಡುವ ಮುಂಚೆ ಮೆಲುದನಿಯಲ್ಲಿ, “ಅಮ್ಮಾ, ನೀವು ಸಂಪೂರ್ಣವಾಗಿ ನಂಬಿದ್ದರೆ ಇಷ್ಟು ಹೊತ್ತಿಗೆ ಗುಣವಾಗಬೇಕಿತ್ತು” ಎಂದು ಹೇಳುತ್ತಾರೆ. ಹೇಳಿದವರ ಮನಸ್ಸಿನಲ್ಲಿ ಕೇಡಿರಲಿಕ್ಕಿಲ್ಲ. ಆದರೆ ಆ ಕ್ಷಣದಿಂದ ಆ ತಾಯಿಯ ಕಣ್ಣು ಕರ್ತನನ್ನು ಬಿಟ್ಟು ತನ್ನೊಳಗಿನ ಕೊರತೆಯ ಕಡೆಗೆ ತಿರುಗುತ್ತದೆ. ಸಂಶಯವೇನಾದರೂ ಉಳಿದಿದೆಯೇ ಎಂದು ಆಕೆ ರಾತ್ರಿಯಿಡೀ ತನ್ನ ಹೃದಯವನ್ನು ಕೆದಕುತ್ತಾಳೆ, ಇನ್ನೂ ಗಟ್ಟಿಯಾಗಿ ಪ್ರಾರ್ಥಿಸುತ್ತಾಳೆ, ಅಳು ಬಂದರೆ ಅದೂ ಅಪನಂಬಿಕೆಯ ಗುರುತೆಂದು ತಡೆದುಕೊಳ್ಳುತ್ತಾಳೆ. ಮಗನ ಕಾಯಿಲೆಯ ಭಾರದ ಮೇಲೆ ಈ ಭಾರವನ್ನೂ ಹೇರುವುದು ಕ್ರೂರತನವೆಂದೇ ನಾನು ಹೇಳುತ್ತೇನೆ.

ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ, ದೆವ್ವಹಿಡಿದ ಮಗನನ್ನು ಯೇಸುವಿನ ಬಳಿಗೆ ಕರೆತಂದ ತಂದೆ ತನ್ನ ನಂಬಿಕೆ ಎಷ್ಟಿದೆಯೆಂಬುದನ್ನು ಮುಚ್ಚಿಡಲಿಲ್ಲ. ನಂಬುತ್ತೇನೆ ಎಂದು ಕೂಗಿ, ಅದೇ ಉಸಿರಿನಲ್ಲಿ ತನ್ನ ಅಪನಂಬಿಕೆಗೆ ಸಹಾಯ ಬೇಡಿದನು. ಯೇಸು ಅವನನ್ನು ಇನ್ನಷ್ಟು ನಂಬಿಕೆ ಗಳಿಸಿಕೊಂಡು ಬಾ ಎಂದು ಹಿಂದಕ್ಕೆ ಕಳುಹಿಸಲಿಲ್ಲ; ಮಗನನ್ನು ಗುಣಪಡಿಸಿದನು. ಆ ಹುಡುಗನು ಬದುಕಿಕೊಂಡದ್ದು ತಂದೆಯ ನಂಬಿಕೆ ಯಾರ ಬಳಿಗೆ ಹೋಯಿತೋ ಆತನಿಂದ. ಈ ವ್ಯತ್ಯಾಸವನ್ನು ನಮ್ಮ ಪ್ರಸಂಗಪೀಠಗಳಿಂದ ಇನ್ನೂ ಸ್ಪಷ್ಟವಾಗಿ ಕಲಿಸಬೇಕಾಗಿದೆ.

ಇಲ್ಲೊಂದು ಮಾತು ಸೇರಿಸಬೇಕು. ಸುಳ್ಳು ಭರವಸೆಯನ್ನು ಬಿಡಬೇಕೆಂದ ಕೂಡಲೇ ಔಷಧಿ ಬಿಡುವುದು, ಉಳಿತಾಯ ಮಾಡದಿರುವುದು, ಯಾರ ಸಲಹೆಯನ್ನೂ ಕೇಳದಿರುವುದು ಭಕ್ತಿಯ ಲಕ್ಷಣವೆಂದು ತಿಳಿಯುವವರಿದ್ದಾರೆ. ಪೌಲನ ಜೊತೆಯಲ್ಲಿ ವೈದ್ಯನಾದ ಲೂಕನಿದ್ದನು. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳೆಂದು ಪೌಲನೇ ತಿಮೊಥೆಯನಿಗೆ ಬರೆದನು. ಉಪಯೋಗಿಸುವುದೇ ಬೇರೆ, ಅದರ ಮೇಲೆ ಬದುಕನ್ನು ನಿಲ್ಲಿಸುವುದೇ ಬೇರೆ. ಔಷಧಿಯನ್ನು ಬಿಟ್ಟವನು ತಾನು ಬಿಟ್ಟೆನೆಂಬ ಧೈರ್ಯದ ಮೇಲೆ ಭರವಸವಿಡುವುದಾದರೆ, ಅವನಿಗೆ ಹೊಸದೊಂದು ಸರ್ಪ ಸಿಕ್ಕಿದಂತಾಯಿತು.

ಒಂದು ಸಾರಿ ಒಡೆದರೆ ಮುಗಿಯಿತೆಂದೂ ಭಾವಿಸಬಾರದು. ಸರ್ಪವನ್ನು ಒಡೆದ ಅದೇ ಹಿಜ್ಕೀಯನು, ಅದೇ ಅಧ್ಯಾಯದಲ್ಲಿ, ಅಶ್ಶೂರದ ಅರಸನಾದ ಸನ್ಹೇರೀಬನಿಗೆ ಹೆದರಿ 300 ತಲಾಂತು (ಆ ಕಾಲದ ತೂಕದ ಅಳತೆ) ಬೆಳ್ಳಿಯನ್ನೂ 30 ತಲಾಂತು ಬಂಗಾರವನ್ನೂ ಹೊಂದಿಸಬೇಕಾಯಿತು. ಅದಕ್ಕಾಗಿ, ತಾನೇ ದೇವಾಲಯದ ಬಾಗಿಲುಗಳಿಗೆ ಹೊದಿಸಿದ್ದ ಬಂಗಾರದ ತಗಡನ್ನು ಕಿತ್ತುಕೊಟ್ಟನು. ಅಷ್ಟು ಕೊಟ್ಟರೂ ಅಶ್ಶೂರದ ಸೈನ್ಯವು ಯೆರೂಸಲೇಮಿಗೆ ಬಂತು. ಅದರೊಡನೆ ಬಂದ ಅಶ್ಶೂರದ ಅಧಿಕಾರಿ ರಬ್ಷಾಕೆಯು ಗೋಡೆಯ ಹೊರಗೆ ನಿಂತು, ನಿನ್ನ ಈ ಭರವಸೆಗೆ ಆಧಾರವೇನೆಂದು ಅರಸನನ್ನು ಕೇಳಿಸಿದನು. ಶತ್ರುವಿನ ಬಾಯಿಂದ ಬಂದರೂ ಅದು ಸರಿಯಾದ ಪ್ರಶ್ನೆಯೇ. ಕೊಡಲು ಏನೂ ಉಳಿಯದ ಆ ಹೊತ್ತಿನಲ್ಲಿ ಹಿಜ್ಕೀಯನು ಬೆದರಿಕೆಯ ಪತ್ರವನ್ನು ತೆಗೆದುಕೊಂಡು ಹೋಗಿ ಯೆಹೋವನ ಮುಂದೆ ಬಿಚ್ಚಿಟ್ಟನು. ಪೌಲನೂ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಇಂಥದ್ದನ್ನೇ ಹೇಳುತ್ತಾನೆ: ಆಸ್ಯ ಸೀಮೆಯಲ್ಲಿ ಜೀವದ ಆಸೆಯನ್ನೇ ಬಿಡುವಷ್ಟು ಕಷ್ಟ ಬಂದದ್ದು, ತಮ್ಮ ಮೇಲೆ ಭರವಸವಿಡದೆ ಸತ್ತವರನ್ನು ಎಬ್ಬಿಸುವ ದೇವರ ಮೇಲೆ ಭರವಸವಿಡುವುದಕ್ಕಾಗಿ ಎಂದು. ಅಪೊಸ್ತಲನಿಗೂ, ಅಷ್ಟು ವರ್ಷಗಳ ಸೇವೆಯ ನಂತರವೂ, ಈ ಪಾಠ ಬೇಕಾಗಿತ್ತು.

ಯೆಶಾಯ 46ನೆಯ ಅಧ್ಯಾಯದಲ್ಲಿ ಬೇಲ್ ಮತ್ತು ನೆಬೋ ಎಂಬ ಬಾಬೆಲಿನ ದೇವತೆಗಳನ್ನು ದಣಿದ ಪಶುಗಳ ಮೇಲೆ ಹೇರಿಕೊಂಡು ಹೋಗುತ್ತಾರೆ. ಅಲ್ಲಿಯೇ ಯೆಹೋವನು ತನ್ನ ಜನರಿಗೆ, ಗರ್ಭದಿಂದಲೇ ನಿಮ್ಮನ್ನು ಹೊತ್ತವನು ನಾನು, ನಿಮಗೆ ನರೆ ಬಂದಾಗಲೂ ಹೊರುವೆನು ಎನ್ನುತ್ತಾನೆ. ನನ್ನ ಭರವಸೆ ಎಲ್ಲಿದೆಯೆಂದು ತಿಳಿಯಲು ನಾನು ಕೇಳಿಕೊಳ್ಳುವ ಪ್ರಶ್ನೆ ಇದೇ ಅಧ್ಯಾಯದಿಂದ ಬಂದದ್ದು: ಇದು ನನ್ನನ್ನು ಹೊರುತ್ತಿದೆಯೋ, ಇದನ್ನು ನಾನು ಹೊರಬೇಕಾಗಿದೆಯೋ?

ಜೀವಮಾನವಿಡೀ ಪ್ರಾರ್ಥಿಸಿದ ಹಿರಿಯರು ಮರೆವಿನ ಕಾಯಿಲೆಗೆ ಸಿಕ್ಕಿ, ಬಾಯಿಪಾಠವಾಗಿದ್ದ ಕೀರ್ತನೆಗಳನ್ನು ಕಳೆದುಕೊಂಡು, ನಾನು ಈಗ ಪ್ರಾರ್ಥನೆ ಮಾಡಿದೆನಾ ಎಂದು ಮತ್ತೆ ಮತ್ತೆ ಕೇಳುವಾಗ, ಮನೆಯವರು ಅವರ ರಕ್ಷಣೆಯ ಬಗ್ಗೆಯೇ ಕಳವಳಪಡುವುದುಂಟು. ಕರ್ತನ ನೆನಪಿದೆಯೇ ಎಂದು ದಯವಿಟ್ಟು ಅವರನ್ನು ಪರೀಕ್ಷಿಸಬೇಡಿರಿ. ನರೆ ಬಂದಾಗಲೂ ಹೊರುವೆನೆಂಬ ಆ ವಾಗ್ದಾನದಲ್ಲಿ ಅವರ ನೆನಪಿನ ಶಕ್ತಿಯ ಬಗ್ಗೆ ಯಾವ ಷರತ್ತೂ ಇಲ್ಲ. ಅವರ ಪಕ್ಕದಲ್ಲಿ ಕುಳಿತು, ಅದನ್ನು ನೀವೇ ಅವರಿಗೆ ಓದಿ ಹೇಳಿರಿ.