ನೇತ್ರಾಣಿಯ ಬುಡ ಕಾಣಲಿಲ್ಲ

2025ರ ದೀಪಾವಳಿಗೆ ಹೊನ್ನಾವರಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಜಗಲಿ ಮೇಲೆ ಕೂತಿದ್ದಾಗ ಅಕ್ಕನ ಮಗ ಪಕ್ಕಕ್ಕೆ ಬಂದು ಕೂತ. ಒಂಬತ್ತನೇ ಕ್ಲಾಸು ಓದುವ ಹುಡುಗ.

"ಮಾವ, ಒಂದು ಕೇಳ್ತೀನಿ, ನಗಬಾರ್ದು."

"ಕೇಳು."

"ಭೂಮಿ ನಿಜವಾಗ್ಲೂ ಗುಂಡಗಿದ್ಯಾ?"

ನಾನು ನಗಲಿಲ್ಲ. ಆದರೆ ಒಳಗಿದ್ದ ಭಾವ ಜೋರಾಗಿ ನಕ್ಕುಬಿಟ್ಟರು. ಹುಡುಗನ ಮುಖ ಸಪ್ಪಗಾಯಿತು. ಯಾರೋ ಗೆಳೆಯ ಅವನಿಗೆ ಒಂದು ವಿಡಿಯೋ ಕಳಿಸಿದ್ದನಂತೆ. ಭೂಮಿ ಚಪ್ಪಟೆ, ತಟ್ಟೆಯ ಹಾಗಿದೆ, ಸುತ್ತಲೂ ಹಿಮದ ಗೋಡೆ ಇದೆ, ವಿಜ್ಞಾನಿಗಳೆಲ್ಲ ಸೇರಿ ಮುಚ್ಚಿಟ್ಟಿದ್ದಾರೆ ಅಂತ ಮುಕ್ಕಾಲು ಗಂಟೆ ಹೇಳುವ ವಿಡಿಯೋ. ಇವನು ಪೂರ್ತಿ ನೋಡಿದ್ದಾನೆ. ಎರಡು ಸಲ.

"ಗುಂಡಗಿದೆ ಅಂತ ನಿನಗೆ ಯಾರು ಹೇಳಿದ್ದು?" ಅಂತ ಕೇಳಿದೆ.

"ಪುಸ್ತಕದಲ್ಲಿದೆ."

"ನೀನು ನೋಡಿದ್ದೀಯಾ?"

"ಇಲ್ಲ. ಹಾಗಾದ್ರೆ ಎರಡೂ ಒಂದೇ ಅಲ್ವಾ ಮಾವ? ಅದನ್ನೂ ಯಾರೋ ಹೇಳಿದ್ದು, ಇದನ್ನೂ ಯಾರೋ ಹೇಳಿದ್ದು."

ಈ ಮಾತು ನನಗೆ ಚುರುಕ್ ಅಂತು. ಅವನು ದಡ್ಡನಲ್ಲ. ಅವನ ಪ್ರಶ್ನೆಯಲ್ಲೂ ತಪ್ಪಿರಲಿಲ್ಲ. ನಾನು ಓದಿದ್ದೂ ಇದೇ ಕರಾವಳಿಯಲ್ಲಿ. ಶಾಲೆಯಿಂದ ಸಮುದ್ರಕ್ಕೆ ಒಂದು ಮೈಲಿ ಇರಲಿಲ್ಲ. "ಭೂಮಿ ಗುಂಡಗಿದೆ ಎನ್ನಲು ಕಾರಣ ಕೊಡಿ" ಅಂತ ಪರೀಕ್ಷೆಗೆ ಬರುತ್ತಿತ್ತು. ದಡಕ್ಕೆ ಬರುವ ಹಡಗಿನ ಪಟಸ್ತಂಭ ಮೊದಲು ಕಾಣುತ್ತದೆ, ಆಮೇಲೆ ಹಡಗು ಕಾಣುತ್ತದೆ ಅಂತ ಬರೆದು ಎರಡು ಅಂಕ ತಗೊಂಡಿದ್ದೆ. ಆ ಒಂದು ಮೈಲಿ ನಡೆಸಿಕೊಂಡು ಹೋಗಿ "ನೋಡ್ರೋ" ಅಂತ ಒಂದು ದಿನವೂ ಯಾರೂ ತೋರಿಸಲಿಲ್ಲ. ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ. ಹೇಳಿಕೊಟ್ಟದ್ದನ್ನು ಇನ್ನೊಬ್ಬ ಬಂದು ಅಳಿಸಬಹುದು. ಕಣ್ಣಾರೆ ಕಂಡದ್ದನ್ನು ಅಳಿಸುವುದು ಕಷ್ಟ. ನಾವು ಮಕ್ಕಳಿಗೆ ಹೇಳಿ ಸುಮ್ಮನಾದೆವು, ತೋರಿಸಲಿಲ್ಲ. ಆ ವಿಡಿಯೋ ಒಳಗೆ ಬಂದದ್ದು ಆ ಸಂದಿಯಿಂದ ಅಂತ ನನಗೆ ಅನ್ನಿಸುತ್ತದೆ.

ಮಾರನೇ ದಿನ ಬೆಳಿಗ್ಗೆ ಅವನನ್ನು ಕರೆದುಕೊಂಡು ಮುರುಡೇಶ್ವರದ ಬಸ್ ಹತ್ತಿದೆ. ಹಿಂದಿನ ರಾತ್ರಿ ಮಳೆ ಬಂದು ಆಕಾಶ ತೊಳೆದಿಟ್ಟ ಹಾಗಿತ್ತು. ಇಂಥ ದಿನ ಬೇಕು. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಕುದಿಯುವ ಹಾಗೆ ಅಲ್ಲಾಡುತ್ತದೆ, ಕಾಣುವುದೂ ಕಲಸಿಹೋಗುತ್ತದೆ.

ಅಲ್ಲಿಂದ ಸುಮಾರು 19 ಕಿ.ಮೀ. ದೂರ ಸಮುದ್ರದಲ್ಲಿ ನೇತ್ರಾಣಿ ದ್ವೀಪ ಇದೆ. ಅವನನ್ನು ಅಲೆ ಕಾಲಿಗೆ ತಾಗುವ ಜಾಗದಲ್ಲಿ ನಿಲ್ಲಿಸಿ ಕೈಗೆ ದುರ್ಬೀನು ಕೊಟ್ಟೆ. "ಏನು ಕಾಣುತ್ತೆ, ನೋಟ್‌ಬುಕ್ಕಿನಲ್ಲಿ ಚಿತ್ರ ಬರಿ" ಅಂದೆ. ಬರೆದ. ನೀರಿನ ಗೆರೆ, ಅದರ ಮೇಲೆ ದ್ವೀಪದ ಕಪ್ಪು ಬೆನ್ನು. ಬೆನ್ನಿನ ಎರಡು ತುದಿಗಳು ನೇರ ನೀರಿನೊಳಗೆ ಹೋಗಿದ್ದವು. ಬಂಡೆಗೆ ಅಲೆ ಬಡಿಯುವ ಬಿಳಿ ಗೆರೆ ಎಲ್ಲೂ ಇಲ್ಲ. ದುರ್ಬೀನನ್ನು ಎಷ್ಟು ತಿರುಗಿಸಿದರೂ ಇಲ್ಲ.

ಆಮೇಲೆ ರಾಜಗೋಪುರಕ್ಕೆ ಹೋದೆವು. 237 ಅಡಿಯ ಗೋಪುರ, ಒಳಗೆ ಲಿಫ್ಟ್ ಇದೆ, 18ನೇ ಮಹಡಿವರೆಗೆ ಬಿಡುತ್ತಾರೆ. ಕಿಟಕಿಗೆ ಕಣ್ಣಿಟ್ಟವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಮಾವ, ಬುಡ ಬಂತು!" ಅಂದ. ಬಂಡೆ ನೀರಿಗೆ ಇಳಿಯುವ ಜಾಗ ಕಾಣುತ್ತಿತ್ತು. ಅದರ ಆಚೆಗೂ ಸಮುದ್ರ ಕಾಣುತ್ತಿತ್ತು. ಕೆಳಗೆ ನಿಂತಾಗ ದಿಗಂತದ ಗೆರೆ ದ್ವೀಪದ ಈಚೆಗಿತ್ತು, ಈಗ ಆಚೆಗೆ ಹೋಗಿತ್ತು. ಅವನೇ ಎರಡನೇ ಚಿತ್ರ ಬರೆದು ಎರಡನ್ನೂ ಪಕ್ಕಪಕ್ಕ ಇಟ್ಟ.

ಲೆಕ್ಕ ಕಷ್ಟದ್ದಲ್ಲ. ನಿಮ್ಮ ಕಣ್ಣು ನೀರಿನಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿ. ದಿಗಂತ ಎಷ್ಟು ಕಿ.ಮೀ. ದೂರ ಅಂತ ಬರುತ್ತದೆ. ದಡದಲ್ಲಿ ನಿಂತ ಹುಡುಗನಿಗೆ ಸುಮಾರು ನಾಲ್ಕೂವರೆ ಕಿ.ಮೀ. ಗೋಪುರದ ಮೇಲೆ 60 ಮೀಟರ್ ಎತ್ತರ ಅಂತ ಇಟ್ಟುಕೊಂಡರೆ 27 ಕಿ.ಮೀ. ದಾಟುತ್ತದೆ. ದ್ವೀಪ ಇರುವುದು 19ರಲ್ಲಿ. ಅಂದರೆ ದಡದಿಂದ ನೋಡಿದಾಗ ದ್ವೀಪದ ಕೆಳಗಿನ 16 ಮೀಟರ್, ಅಂದಾಜು ಐದು ಮಹಡಿಯಷ್ಟು, ನೀರಿನ ಉಬ್ಬಿನ ಹಿಂದೆ ಅಡಗಿರುತ್ತದೆ. ಗಾಳಿ ಬೆಳಕನ್ನು ಕೊಂಚ ಕೆಳಕ್ಕೆ ಬಾಗಿಸುತ್ತದೆ, ಹಾಗಾಗಿ ನಿಜದಲ್ಲಿ ಅಡಗುವುದು ಎರಡು ಮೂರು ಮೀಟರ್ ಕಡಿಮೆ. ಸಮುದ್ರತೀರದ ದೀಪಸ್ತಂಭಗಳನ್ನು ಅಷ್ಟೆತ್ತರ ಕಟ್ಟುವುದೂ ಇದಕ್ಕೇ.

"ದೂರ ಇರೋದ್ರಿಂದ ಚಿಕ್ಕದಾಗಿ ಮಾಯ ಆಗುತ್ತೆ, ಜೂಮ್ ಮಾಡಿದ್ರೆ ವಾಪಸ್ ಬರುತ್ತೆ" ಅಂತ ವಿಡಿಯೋದಲ್ಲಿ ಹೇಳಿದ್ದರಂತೆ. ಚಿಕ್ಕದಾಗುವುದಾದರೆ ಇಡೀ ದ್ವೀಪ ಒಟ್ಟಿಗೆ ಚಿಕ್ಕದಾಗಬೇಕು. ಬುಡ ಮಾತ್ರ ಯಾಕೆ ಹೋಗುತ್ತದೆ? ಇದನ್ನು ನಾನು ಕೇಳಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಅವನೇ ಕೇಳಿದ.

ಗಾಳಿ ಬೆಳಕನ್ನು ಬಾಗಿಸುವುದು ಸಣ್ಣ ವಿಷಯ ಅಲ್ಲ. ಈ ಚಪ್ಪಟೆ ವಾದ ಹೊಸ ಕಾಲದಲ್ಲಿ ಮತ್ತೆ ಶುರುವಾಗಿದ್ದೇ ಅದರಿಂದ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ರೋಬಾಥಮ್ 1838ರಲ್ಲಿ ಬೆಡ್‌ಫರ್ಡ್ ಲೆವೆಲ್ ಅನ್ನುವ ಕಡೆ ಆರು ಮೈಲಿ ಉದ್ದದ ನೇರ ಕಾಲುವೆಯಲ್ಲಿ ಇಳಿದು, ನೀರಿನ ಮಟ್ಟದ ಹತ್ತಿರವೇ ಕಣ್ಣಿಟ್ಟು, ದೂರ ಹೋಗುತ್ತಿದ್ದ ದೋಣಿ ಮರೆಯಾಗಲೇ ಇಲ್ಲ ಅಂದ. ನೀರಿಗೆ ಅಂಟಿದ ತಂಪು ಗಾಳಿಯಲ್ಲಿ ಬೆಳಕು ಜಾಸ್ತಿ ಬಾಗುತ್ತದೆ ಅನ್ನುವುದನ್ನು ಅವನು ಲೆಕ್ಕಕ್ಕೇ ತಗೊಳ್ಳಲಿಲ್ಲ. 1870ರಲ್ಲಿ ಜಾನ್ ಹ್ಯಾಂಪ್ಡನ್ ಅನ್ನುವವನು ಭೂಮಿ ಗುಂಡಗಿದೆ ಅಂತ ತೋರಿಸಿದವರಿಗೆ 500 ಪೌಂಡ್ ಅಂತ ಪಂದ್ಯ ಕಟ್ಟಿದ. ಒಪ್ಪಿಕೊಂಡವರು ಆಲ್‌ಫ್ರೆಡ್ ರಸೆಲ್ ವಾಲೇಸ್. ಡಾರ್ವಿನ್ ಜೊತೆ ವಿಕಾಸವಾದಕ್ಕೆ ಹೆಸರಾದವರು, ಅದಕ್ಕೂ ಮೊದಲು ಜಮೀನು ಅಳೆಯುವ ಕೆಲಸ ಮಾಡಿದವರು. ಅದೇ ಕಾಲುವೆಯಲ್ಲಿ ನೋಟದ ಗೆರೆಯನ್ನು ನೀರಿನಿಂದ 13 ಅಡಿ ಮೇಲಕ್ಕೆ ಎತ್ತಿದರು. ಎರಡು ತುದಿಯಲ್ಲಿ, ನಡುವೆ, ಒಂದೇ ಎತ್ತರಕ್ಕೆ ಗುರುತು ಇಟ್ಟು ದೂರದರ್ಶಕದಲ್ಲಿ ನೋಡಿದರು. ನಡುವಿನ ಗುರುತು ಮೇಲೆದ್ದು ಕಂಡಿತು. ವಾಲೇಸ್ ಗೆದ್ದರು. ಹ್ಯಾಂಪ್ಡನ್ ಒಪ್ಪಲಿಲ್ಲ. ಹದಿನೈದು ವರ್ಷ ಬೈಗುಳದ ಪತ್ರ, ಕೋರ್ಟು, ಕಚೇರಿ. ಹ್ಯಾಂಪ್ಡನ್ ಜೈಲಿಗೂ ಹೋಗಿಬಂದ. ಪಂದ್ಯದ ಹಣಕ್ಕೆ ಕಾನೂನಿನ ಬಲ ಇಲ್ಲ ಅಂತ ವಾಲೇಸ್ ಅದನ್ನು ವಾಪಸ್ ಕೊಡಬೇಕಾಯಿತು. ಓದುವಾಗ ಹೊಟ್ಟೆ ಉರಿಯುತ್ತದೆ.

ಮನೆಗೆ ಬಂದ ಮೇಲೆ ಹುಡುಗನ ಅಜ್ಜಿ ಇನ್ನೊಂದು ಮಾತು ಎತ್ತಿದರು. "ಹಿರಣ್ಯಾಕ್ಷ ಭೂಮಿಯನ್ನ ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಹೋದ ಅಂತಾರಲ್ಲಪ್ಪ. ಗುಂಡಗಿದ್ರೆ ಸುತ್ತೋಕೆ ಆಗ್ತಿತ್ತಾ?" ಅವರು ಕೇಳಿದ್ದು ಭಕ್ತಿಯಿಂದ. ಆ ಕಥೆ ನನಗೂ ಇಷ್ಟ. ಆದರೆ ಅದೇ ಮನೆಯ ಗೋಡೆಯ ಮೊಳೆಗೆ ಪಂಚಾಂಗ ತೂಗುಹಾಕಿತ್ತು. ಅದನ್ನು ಕೈಗೆ ತಗೊಂಡು ಹೇಳಿದೆ: ಅಮ್ಮಾ, ಹಳೆಯ ಪಂಚಾಂಗದವರು 12 ಅಂಗುಲದ ಶಂಕು, ಅಂದರೆ ನೆಟ್ಟಗಿನ ಕಡ್ಡಿ, ನಿಲ್ಲಿಸಿ, ಹಗಲು ರಾತ್ರಿ ಸಮ ಇರುವ ದಿನ ನಡುಮಧ್ಯಾಹ್ನದ ನೆರಳು ಅಳೆಯುತ್ತಿದ್ದರು. ಅದಕ್ಕೆ ಪಲಭಾ ಅಂತ ಹೆಸರು. ಬೆಂಗಳೂರಿಗೆ ಎರಡೂ ಮುಕ್ಕಾಲು ಅಂಗುಲ, ಉಜ್ಜಯಿನಿಗೆ ಐದು ಅಂಗುಲದ ಮೇಲೆ. ಊರೂರಿಗೆ ಸೂರ್ಯೋದಯದ ಲೆಕ್ಕ ಬೇರೆ ಬೇರೆ ಮಾಡುವುದು ಇದರಿಂದ. ಗ್ರಹಣದ ಹೊತ್ತು ಕೂಡ ಭೂಮಿ ಗೋಳ ಅಂತಲೇ ಹಾಕಿದ ಲೆಕ್ಕ.

ಆರ್ಯಭಟ ಕ್ರಿ.ಶ. 499ರಲ್ಲೇ ಇದನ್ನು ಹೇಳಿದ್ದಾನೆ. ಕದಂಬದ ಹೂಚೆಂಡಿನ ಸುತ್ತ ಎಸಳು ತುಂಬಿರುವ ಹಾಗೆ ಭೂಗೋಳದ ಸುತ್ತಲೂ ಜೀವಿಗಳಿವೆ ಅಂತ. ಕೆಳಗಿರುವವರು ಬೀಳುವುದಿಲ್ಲವಾ ಅನ್ನುವವರಿಗೆ ಇದಕ್ಕಿಂತ ಚಂದದ ಉತ್ತರ ನಾನು ಕಂಡಿಲ್ಲ. ಭಾಸ್ಕರಾಚಾರ್ಯ 1150ರ ಸಿದ್ಧಾಂತ ಶಿರೋಮಣಿಯಲ್ಲಿ, ಚಪ್ಪಟೆಯಾಗಿ ಯಾಕೆ ಕಾಣುತ್ತದೆ ಅನ್ನುವುದಕ್ಕೂ ಕಾರಣ ಕೊಟ್ಟಿದ್ದಾನೆ. ದೊಡ್ಡ ವೃತ್ತದ ನೂರರಲ್ಲಿ ಒಂದು ಭಾಗ ನೋಡಿದರೆ ನೇರವಾಗೇ ಕಾಣುತ್ತದೆ, ಭೂಮಿ ಬಹಳ ದೊಡ್ಡದು, ಮನುಷ್ಯ ಬಹಳ ಚಿಕ್ಕವನು. ನಾವು ಶಾಲೆಯಲ್ಲಿ ಓದಿದ ವಿಷಯದ ಹೆಸರೇ ಭೂಗೋಳ ಅಲ್ವಾ? ಅಜ್ಜಿ ಸ್ವಲ್ಪ ಯೋಚಿಸಿ, "ಹೌದಲ್ಲ, ಗೋಳ" ಅಂದರು.

ಅದೇ ವರ್ಷದ ಸೆಪ್ಟೆಂಬರ್ 7ರ ರಾತ್ರಿ ಖಗ್ರಾಸ ಚಂದ್ರಗ್ರಹಣ ಆಗಿತ್ತು. ಚಂದ್ರನ ಮೇಲೆ ಸರಿದು ಬಂದ ನೆರಳಿನ ಅಂಚು ಬಾಗಿತ್ತು ಅಂತ ಹುಡುಗ ನೆನಪು ಮಾಡಿಕೊಂಡ. ತಟ್ಟೆಯ ನೆರಳೂ ಗುಂಡಗಿರುತ್ತದೆ ನಿಜ, ಆದರೆ ಬೆಳಕಿಗೆ ಮುಖ ಮಾಡಿ ಹಿಡಿದಾಗ ಮಾತ್ರ. ಓರೆ ಹಿಡಿದರೆ ಕಡ್ಡಿಯ ಹಾಗೆ ಬೀಳುತ್ತದೆ. ಗ್ರಹಣ ಸಂಜೆ ಆಗಲಿ, ನಡುರಾತ್ರಿ ಆಗಲಿ, ಬೆಳಗಿನ ಜಾವ ಆಗಲಿ, ನೆರಳು ಯಾವತ್ತೂ ಕಡ್ಡಿಯಾಗಿಲ್ಲ. ಎಲ್ಲ ಕಡೆಯಿಂದಲೂ ಗುಂಡು ನೆರಳು ಕೊಡುವುದು ಚೆಂಡು ಒಂದೇ. ಅಡುಗೆಮನೆಯಿಂದ ಒಂದು ತಟ್ಟೆ, ಒಂದು ಮೂಸಂಬಿ ತಂದು ಮೊಬೈಲ್ ಟಾರ್ಚಿನಲ್ಲಿ ಅವನೇ ಗೋಡೆ ಮೇಲೆ ಮಾಡಿ ನೋಡಿದ.

ಇಷ್ಟಾದ ಮೇಲೆ ನನಗೇ ಉಮೇದು ಬಂತು. ಗ್ರೀಕರ ಎರಟಾಸ್ತನೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಎರಡು ಊರಿನ ನೆರಳಿನಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ್ದ. ನಮ್ಮಲ್ಲೂ ಅಂಥ ಜೋಡಿ ಊರು ಇದೆ. ಬೆಂಗಳೂರಿನಿಂದ ನೇರ ಉತ್ತರಕ್ಕೆ ಗೆರೆ ಎಳೆದರೆ ಅದು ಬೀದರ್ ಪಕ್ಕದಲ್ಲೇ ಹಾದುಹೋಗುತ್ತದೆ. ನೇರ ದೂರ ಸುಮಾರು 548 ಕಿ.ಮೀ. ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ 12 ಗಂಟೆ 17 ನಿಮಿಷದ ಸುಮಾರಿಗೆ ಬೆಂಗಳೂರಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ.

ಈ ಏಪ್ರಿಲ್‌ನಲ್ಲಿ ನಾನು ನಮ್ಮ ತಾರಸಿ ಮೇಲೆ, ಬೀದರಿನ ಗೆಳೆಯ ಅವನ ಅಂಗಳದಲ್ಲಿ, ಇಬ್ಬರೂ ಒಂದು ಮೀಟರ್ ಪಿವಿಸಿ ಪೈಪು ನಿಲ್ಲಿಸಿದೆವು. ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ನೆಟ್ಟಗಿದೆಯಾ ಅಂತ ನೋಡಿದೆವು, ನೆಲಕ್ಕೆ ರಸಮಟ್ಟ ಇಟ್ಟೆವು. ಹೊನ್ನಾವರದಿಂದ ಹುಡುಗ ವಿಡಿಯೋ ಕಾಲ್‌ನಲ್ಲಿ. ನನ್ನ ಪೈಪಿನ ನೆರಳು ಕುಗ್ಗಿ ಕುಗ್ಗಿ ಬುಡದೊಳಗೆ ಸೇರಿಕೊಂಡಿತು. ಆ ಕಡೆಯಿಂದ ಗೆಳೆಯ ಕೂಗಿದ, "ನಮ್ಮಲ್ಲಿ ಬಿದ್ದದ ನೋಡು, ನೆರಳು ಅದ!" ತುದಿ ಮಾತ್ರ ಸ್ಪಷ್ಟ ಇರಲಿಲ್ಲ, ಅರ್ಧ ಬೆರಳಿನಷ್ಟು ಮಸುಕು. ಸೂರ್ಯ ಚುಕ್ಕಿಯಲ್ಲ, ಬಿಲ್ಲೆ, ಅದಕ್ಕೇ ಹಾಗೆ. ಮಸುಕಿನ ನಡುವಿಗೆ ಗುರುತು ಹಾಕಿ ಅಳೆದ. 8.7 ಸೆಂಟಿಮೀಟರ್. ಕೋನ 4.97 ಡಿಗ್ರಿ. 360ನ್ನು ಅದರಿಂದ ಭಾಗಿಸಿ 548ರಿಂದ ಗುಣಿಸಿದರೆ ಸುಮಾರು 39,700 ಕಿ.ಮೀ. ಧ್ರುವಗಳ ಮೇಲೆ ಹಾದು ಸುತ್ತಿದರೆ ಭೂಮಿಯ ನಿಜವಾದ ಸುತ್ತಳತೆ 40,008. ಎರಡು ಪೈಪು, ಒಂದು ಸ್ಕೇಲು, ಅಷ್ಟರಲ್ಲಿ ಇಷ್ಟು ಹತ್ತಿರ ಬಂದೆವು. ನನ್ನ ಕೈ ನಡುಗುತ್ತಿತ್ತು.

ಹುಡುಗ ಬಿಡಲಿಲ್ಲ. "ಭೂಮಿ ಚಪ್ಪಟೆ ಇದ್ದು ಸೂರ್ಯ ಹತ್ತಿರ ಇದ್ರೂ ನೆರಳು ಹೀಗೇ ಬರುತ್ತಲ್ಲ ಮಾವ?" ಸರಿಯಾದ ಪ್ರಶ್ನೆ. ಎರಡೇ ಊರಿದ್ದರೆ ಅದನ್ನು ತಳ್ಳಿಹಾಕೋಕೆ ಆಗುವುದಿಲ್ಲ. ಮೂರನೆಯ ಊರು ಬೇಕು. ಚಪ್ಪಟೆ ಅಂದುಕೊಂಡು ಬೀದರಿನ ನೆರಳಿನಿಂದ ಲೆಕ್ಕ ಹಾಕಿದರೆ ಸೂರ್ಯ 6,300 ಕಿ.ಮೀ. ಎತ್ತರದಲ್ಲಿರಬೇಕು. ಅದೇ ದಿನ ಮಾಸ್ಕೋದ ನಡುಮಧ್ಯಾಹ್ನ ಸೂರ್ಯ ನೆತ್ತಿಯಿಂದ ಸುಮಾರು 43 ಡಿಗ್ರಿ ಕೆಳಗಿರುತ್ತಾನೆ, ಆ ಊರು ನಮ್ಮ ಅಕ್ಷಾಂಶದಿಂದ 4,750 ಕಿ.ಮೀ. ಉತ್ತರಕ್ಕಿದೆ. ಆ ಲೆಕ್ಕದಲ್ಲಿ ಸೂರ್ಯನ ಎತ್ತರ 5,100 ಕಿ.ಮೀ. ಒಂದೇ ಸೂರ್ಯ ಒಂದೇ ದಿನ ಎರಡು ಎತ್ತರದಲ್ಲಿ ಇರೋಕೆ ಆಗಲ್ಲ. ಗೋಳ ಅಂತ ಇಟ್ಟುಕೊಂಡರೆ ಮಾತ್ರ ಎಲ್ಲ ಊರೂ ಒಂದೇ ಲೆಕ್ಕಕ್ಕೆ ಬರುತ್ತವೆ.

"ನೀರು ಯಾವಾಗ್ಲೂ ಸಮತಟ್ಟು" ಅನ್ನುವುದಕ್ಕೂ ಅಲ್ಲೇ ಉತ್ತರ ಸಿಕ್ಕಿತು. ಸಮತಟ್ಟು ಅಂದರೆ ತೂಗುಗುಂಡಿನ ದಾರಕ್ಕೆ ಅಡ್ಡ. ನನ್ನ ದಾರ, ಬೀದರಿನ ದಾರ ಎರಡೂ ಭೂಮಿಯ ನಡುವಿಗೆ ತೋರಿಸುತ್ತಿದ್ದವು. ಎರಡರ ನಡುವೆ ಐದು ಡಿಗ್ರಿ ವ್ಯತ್ಯಾಸ ಇತ್ತು. ಅದನ್ನೇ ಅಲ್ವಾ ನಾವು ಅಳೆದದ್ದು.

ಒಪ್ಪದವರು ಒಪ್ಪುವುದೇ ಇಲ್ಲ ಅಂತ ಹಲವರು ನನಗೆ ಹೇಳಿದರು. ನಾನು ಪೂರ್ತಿ ಒಪ್ಪಲ್ಲ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಪಾದ್ರಿ ವಿಲ್ ಡಫಿ ಎರಡೂ ಕಡೆಯವರನ್ನು ಅಂಟಾರ್ಕ್ಟಿಕಾಕ್ಕೆ ಕರೆದುಕೊಂಡು ಹೋದರು. ಭೂಮಿ ತಟ್ಟೆಯಾಗಿ, ಅಂಟಾರ್ಕ್ಟಿಕಾ ಸುತ್ತಲಿನ ಗೋಡೆಯಾಗಿದ್ದರೆ ಅಲ್ಲಿ 24 ಗಂಟೆ ಸೂರ್ಯ ಕಾಣೋಕೆ ಸಾಧ್ಯವಿಲ್ಲ. ನಮ್ಮ ದೇಶದ ಮೈತ್ರಿ, ಭಾರತಿ ಕೇಂದ್ರಗಳಲ್ಲಿ ಇರುವವರು ಪ್ರತಿ ಬೇಸಿಗೆ ಮುಳುಗದ ಸೂರ್ಯನನ್ನು ನೋಡುತ್ತಾರೆ. ಹೋದವರೂ ನೋಡಿದರು. ವರ್ಷಗಟ್ಟಲೆ ಚಪ್ಪಟೆ ವಾದದ ವಿಡಿಯೋ ಮಾಡಿದ್ದ ಜೆರನ್ ಕ್ಯಾಂಪನೆಲ್ಲಾ ಅಲ್ಲೇ ಕ್ಯಾಮೆರಾ ಮುಂದೆ, ಈ ವಿಷಯದಲ್ಲಿ ತಾನು ತಪ್ಪಿದ್ದೆ ಅಂದರು. ತನ್ನನ್ನು ನಂಬಿದ ಅಷ್ಟು ಜನರ ಎದುರು ಹಾಗೆ ಹೇಳೋಕೆ ಗಟ್ಟಿ ಗುಂಡಿಗೆ ಬೇಕು. ನನಗೆ ಅವರ ಮೇಲೆ ಗೌರವ ಬಂತು.

ನಮ್ಮ ಹುಡುಗ ಈಗ ತನ್ನ ಎರಡು ಚಿತ್ರದ ನೋಟ್‌ಬುಕ್ಕನ್ನು ಆ ವಿಡಿಯೋ ಕಳಿಸಿದ ಗೆಳೆಯನಿಗೆ ತೋರಿಸಿದ್ದಾನೆ. ಗೆಳೆಯ ನಂಬಲಿಲ್ಲವಂತೆ. "ಸರಿ, ನೀನೇ ಬಾ, ನೋಡು" ಅಂದನಂತೆ ಇವನು. ಮಳೆಗಾಲ ಮುಗಿಯಲಿ ಅಂತ ಕಾಯುತ್ತಿದ್ದಾರೆ. ಇಬ್ಬರ ಬಸ್ ಚಾರ್ಜು, ಲಿಫ್ಟಿನ ಟಿಕೆಟ್ಟು ನನ್ನದು. ಮುಂದಿನ ಏಪ್ರಿಲ್‌ಗೆ ಪೈಪು ನಿಲ್ಲಿಸೋಕೆ ಕಲಬುರಗಿ, ನಾಗಪುರ, ದಿಲ್ಲಿ ಕಡೆಯವರು ಯಾರಾದರೂ ಸಿಕ್ಕಿದರೆ ಬಹಳ ಒಳ್ಳೆಯದು. ಅಲ್ಲಿರುವ ಸ್ನೇಹಿತರು ದಯವಿಟ್ಟು ಹೇಳಿ.