ಹದಿನಾರು ಕೋಟಿಯ ಇಂಜೆಕ್ಷನ್, ಹಿಮ್ಮಡಿಯ ನಾಲ್ಕು ಹನಿ ರಕ್ತ

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಒಂದು ಚಿತ್ರ ಬರುತ್ತದೆ. ಮೂಗಿಗೆ ನಳಿಕೆ ಹಾಕಿದ ಮಗು, ಕೆಳಗೆ ಬ್ಯಾಂಕ್ ಖಾತೆಯ ಸಂಖ್ಯೆ, ಮೇಲೆ ದಪ್ಪ ಅಕ್ಷರಗಳಲ್ಲಿ 16 ಕೋಟಿ. ಕಾಯಿಲೆ ಎಸ್‌ಎಂಎ: ಬೆನ್ನುಹುರಿಯ ನರಕೋಶಗಳು ಸಾಯುತ್ತಾ ಹೋಗಿ, ಮಗು ಕತ್ತು ನಿಲ್ಲಿಸಲಾಗದೆ, ಕೊನೆಗೆ ಉಸಿರಾಡಲೂ ಆಗದೆ ಸೊರಗುವ ಆನುವಂಶಿಕ ರೋಗ. ಆ ಹಣ ಬೇಕಿರುವುದು ಝೋಲ್ಗೆನ್‌ಸ್ಮಾ ಎಂಬ ಇಂಜೆಕ್ಷನ್ನಿನ ಒಂದೇ ಒಂದು ಡೋಸಿಗೆ. ನಾನೂ ಕೈಲಾದಷ್ಟು ಕಳಿಸಿದ್ದೇನೆ, ಮುಂದೆಯೂ ಕಳಿಸುತ್ತೇನೆ. ಮಗುವಿನ ಜೀವಕ್ಕೆ ಬೆಲೆ ಕಟ್ಟುವ ಚರ್ಚೆಗೆ ನಾನು ಇಳಿಯುವುದಿಲ್ಲ.

ನನ್ನ ತಕರಾರು ಬೇರೆ. ಮಕ್ಕಳ ಅಪರೂಪದ ಕಾಯಿಲೆ ಎಂದರೆ ಕೋಟಿಗಟ್ಟಲೆ ಹಣ, ವಿದೇಶದ ಔಷಧ, ಟಿವಿಯಲ್ಲಿ ಕಣ್ಣೀರು ಎಂದೇ ನಾವು ತಿಳಿದುಬಿಟ್ಟಿದ್ದೇವೆ. ದಿನಕ್ಕೆ ನಾಲ್ಕಾರು ರೂಪಾಯಿಯ ಮಾತ್ರೆಯಲ್ಲಿ ನಿಲ್ಲುವ ಕಾಯಿಲೆಗಳೂ ಇವೆ. ಅವುಗಳಿಗೆ ಯಾರೂ ಪೋಸ್ಟರ್ ಮಾಡುವುದಿಲ್ಲ, ಏಕೆಂದರೆ ಅವು ಗೊತ್ತಾಗುವ ಹೊತ್ತಿಗೆ ಎಷ್ಟು ಹಣ ಕೂಡಿಸಿದರೂ ಪ್ರಯೋಜನವಿರುವುದಿಲ್ಲ.

ನಮ್ಮ ಸಂಬಂಧಿಕರ ಮನೆಯಲ್ಲಿ ಒಂದು ಮಗು ಹುಟ್ಟಿತ್ತು. ನೋಡಲು ಹೋದವರೆಲ್ಲ ಹೊಗಳಿದ್ದೇ ಹೊಗಳಿದ್ದು. “ಎಂಥ ಸಾಧು ಕೂಸಮ್ಮ, ರಾತ್ರಿ ಒಂದು ಸಲವೂ ಎಬ್ಬಿಸುವುದಿಲ್ಲವಂತೆ” ಎಂದು ಅಜ್ಜಿ ಬೀಗುತ್ತಿದ್ದರು. ಮಗುವಿಗೆ ಹಾಲು ಕುಡಿಯಲೂ ಆಸಕ್ತಿಯಿಲ್ಲ, ಎದೆಗೆ ಹಾಕಿಕೊಂಡರೆ ಅಲ್ಲೇ ನಿದ್ದೆ. ಅತ್ತರೆ ಗೊಗ್ಗರು ದನಿ. ಕಾಮಾಲೆಯ ಹಳದಿ ವಾರಗಳು ಕಳೆದರೂ ಇಳಿದಿರಲಿಲ್ಲ, ಹೊಕ್ಕುಳು ಉಬ್ಬಿತ್ತು, ನಾಲಗೆಯ ತುದಿ ಸದಾ ತುಟಿಯಾಚೆ. ಬೆಳಗಿನ ಬಿಸಿಲು ತೋರಿಸಿದರು, ದೃಷ್ಟಿ ತೆಗೆದರು, ಕೊನೆಗೆ ಯಾರೋ ತಾಯತ ಕಟ್ಟಿಸಿದರು. ಅದು ಜನ್ಮಜಾತ ಥೈರಾಯ್ಡ್ ಕೊರತೆ ಎಂದು ಗೊತ್ತಾಗುವಷ್ಟರಲ್ಲಿ ಓರಗೆಯ ಮಕ್ಕಳು ಕೂತು ಆಡುತ್ತಿದ್ದರು. ಮಾತ್ರೆ ಶುರುವಾದ ಮೇಲೆ ಮಗು ಚುರುಕಾಯಿತು, ಎತ್ತರವೂ ಬೆಳೆಯಿತು. ಆದರೆ ಮಿದುಳು ಬೆಳೆಯಬೇಕಿದ್ದ ಆ ತಿಂಗಳುಗಳು ಹೋದವು. ಇಂದು ಶಾಲೆಯಲ್ಲಿ ಅಕ್ಷರ ಕೂಡಿಸುವುದೇ ಅದಕ್ಕೆ ದೊಡ್ಡ ಕೆಲಸ.

ಈ ಕಾಯಿಲೆಗೆ ಬೇಕಿರುವುದು ಥೈರಾಕ್ಸಿನ್ ಮಾತ್ರೆ. ದಿನಕ್ಕೊಂದು ಸಲ ಚಮಚದಲ್ಲಿ ಪುಡಿ ಮಾಡಿ ಎರಡು ಹನಿ ಎದೆಹಾಲಿನಲ್ಲಿ ಕಲಸಿ ಕೊಟ್ಟರೆ ಮುಗಿಯಿತು. ನಮ್ಮ ಅಮ್ಮಂದಿರು ತೆಗೆದುಕೊಳ್ಳುವ ಅದೇ ಮಾತ್ರೆ. ಆದರೆ ಹುಟ್ಟಿದ ಎರಡು ವಾರದೊಳಗೆ ಶುರುವಾಗಬೇಕು. ಅಷ್ಟು ಬೇಗ ಹೊರಗಿನ ಲಕ್ಷಣ ನೋಡಿ ಹಿಡಿಯುವುದು ನುರಿತ ವೈದ್ಯರಿಗೂ ಕಷ್ಟ. ಭಾರತದಲ್ಲಿ ಹೆಚ್ಚುಕಡಿಮೆ ಸಾವಿರ ಶಿಶುಗಳಿಗೆ ಒಂದರಲ್ಲಿ ಇದು ಕಾಣಿಸುತ್ತದೆ. ಇದನ್ನು ಅಪರೂಪ ಎಂದು ಕರೆಯುವುದೇ ನಮ್ಮ ಸೋಮಾರಿತನಕ್ಕೊಂದು ನೆಪ.

ನಿಜಕ್ಕೂ ಅಪರೂಪದ್ದು ಬಯೋಟಿನಿಡೇಸ್ ಕೊರತೆ. ಬಯೋಟಿನ್ ಎಂಬ ವಿಟಮಿನ್ನನ್ನು ಮತ್ತೆ ಮತ್ತೆ ಬಳಸಿಕೊಳ್ಳಲು ಬೇಕಾದ ಕಿಣ್ವ ಈ ಮಕ್ಕಳಲ್ಲಿ ಇರುವುದಿಲ್ಲ. ಕೆಲವು ವಾರ ಅಥವಾ ತಿಂಗಳುಗಳಲ್ಲಿ ಫಿಟ್ಸ್, ಬಾಯಿಯ ಸುತ್ತ ಕೆಂಪು ಗಾದರಿ, ಉದುರುವ ಕೂದಲು. ಚಿಕಿತ್ಸೆ ಸಿಗದಿದ್ದರೆ ಕಿವಿ, ಕಣ್ಣುಗಳೂ ಹೋಗಬಹುದು. ಮಗುವಿಗೆ ಫಿಟ್ಸ್ ಬಂದರೆ ಬಾಲಗ್ರಹ ಎನ್ನುವ ಹಳ್ಳಿಗಳು, ಹೊಟ್ಟೆಯ ಮೇಲೆ ಬರೆ ಹಾಕಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಇದಕ್ಕೆ ಮದ್ದು ದಿನಕ್ಕೆ 5ರಿಂದ 10 ಮಿಲಿಗ್ರಾಂ ಬಯೋಟಿನ್. ಹೌದು, ಕೂದಲು ಸೊಂಪಾಗಿ ಬೆಳೆಯಲಿ ಎಂದು ಅಂಗಡಿಯಲ್ಲಿ ಮಾರುವ ಅದೇ ಬಯೋಟಿನ್. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಫಿಟ್ಸ್ ಎಷ್ಟೋ ಸಲ ಗಂಟೆಗಳಲ್ಲಿ, ದಿನಗಳಲ್ಲಿ ನಿಲ್ಲುತ್ತದೆ. ಹೋದ ಕಿವಿ ಮಾತ್ರ ಸಾಮಾನ್ಯವಾಗಿ ಮರಳುವುದಿಲ್ಲ.

ಇವೆರಡನ್ನೂ, ಇಂಥ ಇನ್ನೂ ಹಲವನ್ನೂ ಹಿಡಿಯಲು ಹಿಮ್ಮಡಿಯ ನಾಲ್ಕೈದು ಹನಿ ರಕ್ತ ಸಾಕು. ಹುಟ್ಟಿ 48 ಗಂಟೆ ಕಳೆದ ಮೇಲೆ ಮಗುವಿನ ಹಿಮ್ಮಡಿಯ ಪಕ್ಕಕ್ಕೆ ಸಣ್ಣ ಚುಚ್ಚು. ಮೊದಲ ಹನಿಯನ್ನು ಹತ್ತಿಯಿಂದ ಒರೆಸಿ, ನಂತರದ ಹನಿಗಳನ್ನು ಸೋಸುಕಾಗದದ ಮೇಲಿನ ವೃತ್ತಗಳಿಗೆ ಒಂದೊಂದಾಗಿ ತಾಕಿಸಬೇಕು. ಹನಿ ಕಾಗದದ ಹಿಂಬದಿಗೂ ಇಳಿಯಬೇಕು. ಮೂರು ನಾಲ್ಕು ಗಂಟೆ ನೆರಳಲ್ಲಿ ಒಣಗಿಸಿ ಲಕೋಟೆಗೆ ಹಾಕಿದರೆ ಅಂಚೆಯಲ್ಲೂ ಪ್ರಯೋಗಾಲಯ ಸೇರುತ್ತದೆ. ಇದೇನು ಹೊಸ ವಿದ್ಯೆಯಲ್ಲ. ರಾಬರ್ಟ್ ಗತ್ರಿ ಎಂಬ ಅಮೆರಿಕದ ವಿಜ್ಞಾನಿ 1960ರ ದಶಕದ ಆರಂಭದಲ್ಲಿ ಇದನ್ನು ರೂಢಿಗೆ ತಂದರು. ಅವರ ಮಗನಿಗೆ ಬೌದ್ಧಿಕ ಬೆಳವಣಿಗೆಯ ತೊಂದರೆಯಿತ್ತು. ಪತ್ನಿಯ ಸಹೋದರಿಯ ಮಗಳಿಗೆ ಪಿಕೆಯು ಎಂಬ ಚಯಾಪಚಯದ (ದೇಹ ಆಹಾರವನ್ನು ಒಡೆದು ಬಳಸಿಕೊಳ್ಳುವ ಕ್ರಿಯೆಯ) ದೋಷವಿರುವುದು ತಡವಾಗಿ ಗೊತ್ತಾಗಿತ್ತು.

ನಮ್ಮನ್ನು ಚುಚ್ಚಬೇಕಾದ ಸಂಗತಿ ಇನ್ನೊಂದಿದೆ. 1980ರ ದಶಕದಲ್ಲೇ ಬೆಂಗಳೂರಿನ ವಿಜ್ಞಾನಿಗಳು, ವೈದ್ಯರು ಸೇರಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷಿಸಿ, ಇಂಥ ದೋಷಗಳು ನಮ್ಮಲ್ಲೂ ಇವೆ ಎಂದು ತೋರಿಸಿಕೊಟ್ಟಿದ್ದರು. ಗೋವಾ 2008ರಲ್ಲಿ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ತಪಾಸಣೆ ಶುರುಮಾಡಿತು. ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ಕಾಯಿಲೆಗಳಿಗೆ ಪರೀಕ್ಷೆಯಾಗುತ್ತದೆ. ದೇಶದ ಎಲ್ಲ ಶಿಶುಗಳಿಗೂ ಕಡ್ಡಾಯ ಎನ್ನುವ ವ್ಯವಸ್ಥೆ ಮಾತ್ರ ಇಂದಿಗೂ ಇಲ್ಲ. ದುಡ್ಡಿರುವವರು ಖಾಸಗಿ ಆಸ್ಪತ್ರೆಯಲ್ಲಿ ಪ್ಯಾಕೇಜಿನ ಜೊತೆ ಮಾಡಿಸಿಕೊಳ್ಳುತ್ತಾರೆ. ಉಳಿದವರದು ಹಣೆಬರಹ.

ಸೋದರಮಾವ, ಅತ್ತೆಮಗ ಎಂದು ಒಳಗೊಳಗೇ ಮದುವೆ ಮಾಡುವ ನಮ್ಮ ಸೀಮೆಗೆ ಇದು ಹೆಚ್ಚು ಬೇಕು. ಇಂಥ ಚಯಾಪಚಯದ ದೋಷಗಳಲ್ಲಿ ಬಹುಪಾಲು, ತಂದೆ ತಾಯಿ ಇಬ್ಬರಿಂದಲೂ ಒಂದೇ ಜೀನಿನ ಒಂದೊಂದು ಕೆಟ್ಟ ಪ್ರತಿ ಬಂದಾಗಲೇ ಕಾಣಿಸಿಕೊಳ್ಳುತ್ತವೆ. ರಕ್ತಸಂಬಂಧದಲ್ಲಿ ಅದರ ಸಾಧ್ಯತೆ ಹೆಚ್ಚು. ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಮಗೆ ರೋಗವಿಲ್ಲದೆ ಒಂದು ಕೆಟ್ಟ ಪ್ರತಿಯನ್ನು ಹೊತ್ತಿದ್ದರೆ, ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಆದರೂ ಸೊಸೆಯ ಕಾಲ್ಗುಣದ ಮಾತು ನಿಂತಿಲ್ಲ. ಮಗನ ಪಾಲೂ ಸರಿಸಮ ಇದೆ ಎಂದು ಅತ್ತೆಗೆ ಹೇಳುವವರು ಯಾರು?

ಸರ್ಕಾರ ಏನೂ ಮಾಡಿಲ್ಲ ಎಂದಲ್ಲ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಈಗ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಆದರೆ ಗೋಶೆಯಂಥ, ಕಿಣ್ವದ ಕೊರತೆಯ ಕಾಯಿಲೆಯಿರುವ ಮಗುವಿಗೆ ಎರಡು ವಾರಕ್ಕೊಮ್ಮೆ, ತೂಕಕ್ಕೆ ತಕ್ಕಂತೆ, ಜೀವನಪರ್ಯಂತ ಕಿಣ್ವ ಏರಿಸಬೇಕು. ಮಗು ಬೆಳೆದಂತೆ ಖರ್ಚೂ ಬೆಳೆಯುತ್ತದೆ, 50 ಲಕ್ಷ ಅಲ್ಲೇ ನಿಂತಿರುತ್ತದೆ. ಬೆಲೆ ಇಳಿಸುವ ಹೋರಾಟ ಅಗತ್ಯವೇ. ಬಾಟಲಿಗೆ ಆರು ಲಕ್ಷದಷ್ಟಿದ್ದ ಎಸ್‌ಎಂಎ ಔಷಧ ರಿಸ್ಡಿಪ್ಲಾಮ್, ನ್ಯಾಯಾಲಯದ ಜಟಾಪಟಿಯ ನಂತರ 2025ರಲ್ಲಿ ನಮ್ಮದೇ ಕಂಪನಿಯಿಂದ 15,900 ರೂಪಾಯಿಗೆ ಬಂದದ್ದನ್ನು ಕಂಡಿದ್ದೇವೆ. ಅದಿರಲಿ, ಆ 16 ಕೋಟಿಯ ಇಂಜೆಕ್ಷನ್ ಕೂಡ ಚೆನ್ನಾಗಿ ಫಲ ಕೊಡುವುದು ಲಕ್ಷಣ ಕಾಣಿಸುವ ಮೊದಲೇ ಕೊಟ್ಟಾಗ. ಅಲ್ಲಿಗೂ ದಾರಿ ಹಿಮ್ಮಡಿಯಿಂದಲೇ.

“ಹೆರಿಗೆಯಾದ ಮರುದಿನವೇ ಮನೆಗೆ ಹೋಗುತ್ತಾರಲ್ಲ, ಯಾರನ್ನು ಹಿಡಿದು ಚುಚ್ಚುವುದು?” ಎಂದು ವೈದ್ಯ ಸ್ನೇಹಿತರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಪೋಲಿಯೊ ಹನಿಗೆ ಮನೆಮನೆ ಸುತ್ತಿದ ನಮಗೆ, ಬಾಣಂತಿಯನ್ನು ನೋಡಲು ಮೂರನೆಯ ದಿನ ಹೇಗೂ ಬರುವ ಆಶಾ ಕಾರ್ಯಕರ್ತೆಯ ಜೊತೆ ತರಬೇತಿ ಪಡೆದ ನರ್ಸ್ ಒಬ್ಬರನ್ನು ಕಳಿಸುವುದು ದೊಡ್ಡದಲ್ಲ. ಅದಕ್ಕಿಂತ ಕಷ್ಟದ್ದು ವರದಿ ಬಂದ ಮೇಲೆ ಮಗುವನ್ನು ಹುಡುಕುವುದು. ಚೊಚ್ಚಲ ಹೆರಿಗೆ ತವರಿನಲ್ಲಿ, ದಾಖಲೆಯಲ್ಲಿರುವ ವಿಳಾಸ ಗಂಡನ ಮನೆಯದು, ಮೊಬೈಲ್ ಸಂಖ್ಯೆಯೂ ಗಂಡನದೇ. ಅವನು ಎಲ್ಲೋ ಡ್ಯೂಟಿಯಲ್ಲಿ, ಹೊಸ ಸಂಖ್ಯೆಯಿಂದ ಬಂದ ಕರೆ ಎತ್ತುವುದಿಲ್ಲ. ಎರಡು ವಾರದ ಗಡುವು ಹೀಗೆಯೇ ಜಾರಿಹೋಗುತ್ತದೆ. ಯೋಜನೆ ರೂಪಿಸುವವರು ಯಂತ್ರ, ಕಟ್ಟಡಗಳ ಲೆಕ್ಕ ಆಮೇಲೆ ಹಾಕಲಿ. ಮೊದಲು ತಾಯಿ ಕಾರ್ಡಿನಲ್ಲಿ ಬಾಣಂತನದ ಮನೆಯ ವಿಳಾಸಕ್ಕೂ, ಅಜ್ಜಿಯ ಫೋನ್ ಸಂಖ್ಯೆಗೂ ಒಂದೊಂದು ಸಾಲು ಸೇರಿಸಲಿ.