ಅಕ್ಟೋಬರ್ 10ರ ಪೋಸ್ಟುಗಳು, ತಾಲ್ಲೂಕು ಆಸ್ಪತ್ರೆಯ ಮಂಗಳವಾರ

ಸೆಪ್ಟೆಂಬರ್ 10 ಆತ್ಮಹತ್ಯೆ ತಡೆ ದಿನ, ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ಪ್ರತಿ ವರ್ಷ ಇವೆರಡರ ನಡುವಿನ ಒಂದು ತಿಂಗಳು ಫೇಸ್‌ಬುಕ್ಕು, ವಾಟ್ಸ್‌ಆ್ಯಪ್ ಸ್ಟೇಟಸ್ಸು, ರೀಲುಗಳ ತುಂಬ ಮನಸ್ಸಿನ ಆರೋಗ್ಯದ ಮಾತೇ ಇರುತ್ತದೆ. ಹಸಿರು ರಿಬ್ಬನ್ನಿನ ಚಿತ್ರ, "ಮನಸ್ಸು ಬಿಚ್ಚಿ ಮಾತಾಡಿ, ನಾವಿದ್ದೇವೆ" ಎಂಬ ಸಾಲು, ಅದರ ಕೆಳಗೆ ಕೈಮುಗಿಯುವ ಗುರುತುಗಳು. ಇದರಿಂದ ನಿಜಕ್ಕೂ ಯಾರಿಗಾದರೂ ಉಪಯೋಗವಾಗಿದೆಯೇ ಎಂದು ಕೇಳಿದರೆ, ಆಗಿದೆ ಎಂದೇ ನನ್ನ ಉತ್ತರ. ಆದರೆ ಆ ಉಪಯೋಗ ಬಹುಮಟ್ಟಿಗೆ ಆಸ್ಪತ್ರೆಯ ದಾರಿ ಮೊದಲೇ ಗೊತ್ತಿದ್ದವರಿಗೆ ಆಗಿದೆ. ದಾರಿಯೇ ಗೊತ್ತಿಲ್ಲದವರಿಗೆ "ಸಹಾಯ ಪಡೆಯಿರಿ" ಎಂದಷ್ಟೇ ಹೇಳಿದರೆ ಸಾಲದು. ಎಲ್ಲಿ, ಯಾವ ದಿನ, ಯಾರ ಹತ್ತಿರ, ಎಷ್ಟು ಖರ್ಚಿನಲ್ಲಿ ಎಂಬುದನ್ನು ಹೇಳದ ಅಭಿಯಾನ ಅರ್ಧಕ್ಕೇ ನಿಂತ ಕೆಲಸ ಎಂಬುದು, ಮನೆಯಲ್ಲೊಬ್ಬ ರೋಗಿಯನ್ನು ವರ್ಷಗಟ್ಟಲೆ ನೋಡಿಕೊಂಡಿರುವ ಕುಟುಂಬದವಳಾದ ನನ್ನ ಖಚಿತ ಅಭಿಪ್ರಾಯ.

ಮೊದಲು ಒಳ್ಳೆಯದನ್ನೇ ಹೇಳಬೇಕು. 2015ರಲ್ಲಿ ದೀಪಿಕಾ ಪಡುಕೋಣೆ ತಮಗಿದ್ದ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತಾಡಿದ ಮೇಲೆ, ಅಲ್ಲಿಯವರೆಗೆ "ಮನೆ ಮಾತು ಮನೆಯಲ್ಲೇ ಇರಲಿ" ಎನ್ನುತ್ತಿದ್ದ ಎಷ್ಟೋ ಮನೆಗಳಲ್ಲಿ ಈ ವಿಷಯ ಊಟದ ಹೊತ್ತಿನ ಮಾತಿಗೆ ಬಂತು. ಅವರು ಅದೇ ವರ್ಷ ಕಟ್ಟಿದ ಸಂಸ್ಥೆ 2016ರಲ್ಲಿ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳಿಗೆ ಮತ್ತು ಅವರನ್ನು ನೋಡಿಕೊಳ್ಳುವವರಿಗೆ ನೆರವಾಗುವ ಕಾರ್ಯಕ್ರಮವನ್ನೂ ಆರಂಭಿಸಿತು. ಪರದೆಯ ಮೇಲಿನ ಮಾತು ನೆಲಕ್ಕಿಳಿದ ಇಂಥ ಉದಾಹರಣೆಗಳನ್ನು ನಾನು ಗೌರವದಿಂದ ನೋಡುತ್ತೇನೆ. ನಾನು ಪಾಠ ಹೇಳುವ ಪದವಿ ಕಾಲೇಜಿನಲ್ಲೂ ಬದಲಾವಣೆ ಕಾಣುತ್ತಿದೆ. "ಮೇಡಂ, ನಂಗೆ ರಾತ್ರಿ ನಿದ್ದೆನೇ ಬರ್ತಿಲ್ಲ, ಯಾರಿಗ್ ತೋರಿಸ್ಬೇಕು?" ಎಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳುವ ಧೈರ್ಯ ಈಗಿನ ಹುಡುಗಿಯರಿಗಿದೆ. ನಮ್ಮ ಕಾಲದಲ್ಲಿ ಅದು ಇರಲಿಲ್ಲ. ಈ ಧೈರ್ಯವನ್ನು ಕೊಟ್ಟದ್ದು ಪಠ್ಯಪುಸ್ತಕವಲ್ಲ, ಮೊಬೈಲಿನಲ್ಲಿ ಅವರು ನೋಡಿದ ಮಾತುಗಳೇ.

ಹಾಗಿದ್ದರೂ ಲೆಕ್ಕ ಬೇರೆಯದನ್ನೇ ಹೇಳುತ್ತದೆ. 2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು (ನಿಮ್ಹಾನ್ಸ್ ಇರುವ ಕರ್ನಾಟಕ ಆ ಹನ್ನೆರಡರಲ್ಲಿ ಇರಲಿಲ್ಲ ಎಂಬುದು ನನಗೆ ಇಂದಿಗೂ ಕೊರತೆಯಾಗಿಯೇ ಕಾಣುತ್ತದೆ). ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆಗಳಿದ್ದವರಲ್ಲಿ ಶೇ 85ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಇಷ್ಟು ದೊಡ್ಡ ಅಂತರಕ್ಕೆ ನಾಚಿಕೆಯೊಂದೇ ಕಾರಣವೆಂದು ನಮ್ಮ ಪೋಸ್ಟುಗಳು ನಂಬಿಕೊಂಡಿವೆ. ಅದಕ್ಕೇ "ನಾಚಿಕೊಳ್ಳಬೇಡಿ" ಎಂಬ ಮಾತು ಅಷ್ಟೊಂದು ಸಲ ಬರುತ್ತದೆ. ನಾಚಿಕೆ ಇರುವುದು ನಿಜ. ಅದರ ಜೊತೆಗೆ ಇದೊಂದು ಕಾಯಿಲೆ ಎಂದೇ ಗೊತ್ತಾಗದಿರುವುದು, ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಸಿಗದಿರುವುದು, ಬಸ್ಸಿನ ಖರ್ಚು, ಒಂದು ದಿನದ ಕೂಲಿ ಕಳೆದುಕೊಳ್ಳುವುದು, ಮೂರನೇ ತಿಂಗಳು ಮಾತ್ರೆ ಬಿಟ್ಟುಬಿಡುವುದು, ಇವೂ ಅಷ್ಟೇ ನಿಜ.

ನನ್ನ ಚಿಕ್ಕಮ್ಮನ ಮಗನಿಗೆ ಸ್ಕಿಜೋಫ್ರೇನಿಯಾ ಇದೆ, ಇಲ್ಲದ ದನಿಗಳು ಕೇಳಿಸುವ, ಸುಳ್ಳು ಅನುಮಾನಗಳು ಕಾಡುವ ತೀವ್ರ ಮಾನಸಿಕ ಕಾಯಿಲೆ ಅದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ನಿಗದಿತ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಚಿಕ್ಕಮ್ಮನಿಗೆ ಮಂಡಿನೋವು ಶುರುವಾದ ಮೇಲೆ ಅವನನ್ನು ಇಂಜೆಕ್ಷನ್ನಿಗೆ ಕರೆದುಕೊಂಡು ಹೋಗುವ ಕೆಲಸ ನನ್ನದು. ಚೀಟಿ ಮಾಡಿಸಿ, ಗೋಡೆಗೆ ಒರಗಿಸಿಟ್ಟ ಉದ್ದನೆಯ ಕಬ್ಬಿಣದ ಬೆಂಚಿನ ಮೇಲೆ ಕೂತರೆ ಅಕ್ಕಪಕ್ಕದವರ ಕತೆಗಳೆಲ್ಲ ಕಿವಿಗೆ ಬೀಳುತ್ತವೆ. ಒಂದು ಸಲ ಪಕ್ಕದಲ್ಲಿ ಕೂತಿದ್ದ ಹೆಂಗಸು, ಪ್ಲಾಸ್ಟಿಕ್ ಕವರಿನಿಂದ ಅರ್ಧ ಖಾಲಿಯಾದ ಮಾತ್ರೆಯ ಹಾಳೆಗಳನ್ನು ಒಂದೊಂದಾಗಿ ಮಡಿಲಲ್ಲಿ ಹರಡಿಕೊಂಡು, "ಅಕ್ಕಾ, ಇದ್ರಲ್ಲಿ ಬೆಳಿಗ್ಗೆದು ಯಾವ್ದು, ರಾತ್ರಿದು ಯಾವ್ದು ನೋಡಿ ಹೇಳ್ತೀರಾ? ನಮ್ಮನೆಯವ್ರು ಇದು ಬರೀ ನಿದ್ದೆ ಮಾತ್ರೆ ಅಂತ ಅರ್ಧ ಬಿಸಾಕಿಬಿಟ್ರು" ಎಂದರು. ಕಾಯಿಲೆ ಇದ್ದದ್ದು ಅವರ ಮಗಳಿಗೆ. ಮೂರು ವರ್ಷ ದೇವಸ್ಥಾನ, ಹರಕೆ, ತಾಯತ ಎಂದು ಸುತ್ತಿದ್ದಾರೆ. ಕೊನೆಗೆ ಈ ಮಂಗಳವಾರದ ವಿಷಯವನ್ನು ಅವರಿಗೆ ಹೇಳಿದ್ದು ಊರಿನ ಆಶಾ ಕಾರ್ಯಕರ್ತೆ, ಅದೂ ಬೇರೆ ಯಾರದೋ ಬಾಣಂತನದ ಮಾಹಿತಿ ಬರೆದುಕೊಳ್ಳಲು ಬಂದಾಗ, ಅಂಗಳದಲ್ಲಿ ನಿಂತು. ಆ ತಾಯಿಯ ಕೈಯಲ್ಲೂ ಸ್ಮಾರ್ಟ್‌ಫೋನ್ ಇತ್ತು. ಅದರಲ್ಲಿ ಭಜನೆಯ ವಿಡಿಯೊಗಳು, ಧಾರಾವಾಹಿಯ ತುಣುಕುಗಳು, ಸೀರೆಯ ಜಾಹೀರಾತುಗಳು ಬರುತ್ತಿದ್ದವು. ಮಾನಸಿಕ ಕಾಯಿಲೆಯ ಬಗ್ಗೆ ಯಾರೋ ಹಾಕಿದ ಒಂದು ಪೋಸ್ಟೂ ಆ ಫೋನನ್ನು ಮುಟ್ಟಿರಲಿಲ್ಲ. ಈ ಜಾಲತಾಣಗಳು ನಾವು ಈಗಾಗಲೇ ನೋಡುವುದನ್ನೇ ಮತ್ತೆ ಮತ್ತೆ ತೋರಿಸುತ್ತವೆ. ಆದ್ದರಿಂದ ಅರಿವಿನ ಮಾತು ಅರಿವಿದ್ದವರ ನಡುವೆಯೇ ಸುತ್ತುತ್ತಿರುತ್ತದೆ.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ನೋಯಿಸುತ್ತದೆ. ಅಭಿಯಾನಗಳಲ್ಲಿ ಕಾಣುವ ರೋಗಿ ಯಾವಾಗಲೂ ಕಿಟಕಿಯ ಬಳಿ ಕೂತು ಹೊರಗೆ ನೋಡುವ, ಓದಿದ, ದುಃಖವನ್ನು ಚೆನ್ನಾಗಿ ಹೇಳಿಕೊಳ್ಳಬಲ್ಲ ಯುವಕ ಅಥವಾ ಯುವತಿ. ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುವ, ಸ್ನಾನ ಮಾಡಲು ಒಪ್ಪದ, ತಾಯಿಯೇ ಅನ್ನಕ್ಕೆ ವಿಷ ಹಾಕಿದ್ದಾಳೆಂದು ಅನುಮಾನಿಸುವ ನನ್ನ ತಮ್ಮನಂಥವರು ಆ ಚಿತ್ರಗಳಲ್ಲಿ ಇಲ್ಲ. ಖಿನ್ನತೆಯ ಬಗ್ಗೆ ಅನುಕಂಪದಿಂದ ಬರೆಯುವ ಎಷ್ಟೋ ಜನ ಬೀದಿಯಲ್ಲಿ ಇಂಥವರು ಎದುರಾದರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ಕೆಲವು ಕಾಯಿಲೆಗಳಿಗೆ ಮರ್ಯಾದೆ ತಂದುಕೊಟ್ಟು ಉಳಿದವನ್ನು ಮೊದಲಿನ ಕತ್ತಲಲ್ಲೇ ಬಿಟ್ಟರೆ, ಹೊರಗೆ ಉಳಿದವರ ಒಂಟಿತನ ಮತ್ತಷ್ಟು ಹೆಚ್ಚುತ್ತದೆ. ಸ್ಕಿಜೋಫ್ರೇನಿಯಾ, ಬೈಪೋಲಾರ್ (ಅತಿ ಉತ್ಸಾಹ ಮತ್ತು ತೀವ್ರ ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ಇರುವವರ ಮತ್ತು ಅವರನ್ನು ಸಾಕುವ ಅಪ್ಪ ಅಮ್ಮಂದಿರ ಮಾತು ಬಾರದ ಹೊರತು ಮಾನಸಿಕ ಆರೋಗ್ಯದ ಅರಿವು ಎಂಬ ಹೆಸರು ಆ ಅಭಿಯಾನಕ್ಕೆ ಸಲ್ಲುವುದಿಲ್ಲ.

"ನಾನಿದ್ದೇನೆ, ಯಾವ ಹೊತ್ತಿಗಾದರೂ ಮೆಸೇಜ್ ಮಾಡಿ" ಎಂದು ಬರೆಯುವವರಲ್ಲಿ ನನ್ನದೊಂದು ಕೋರಿಕೆ ಇದೆ. ನಿಮ್ಮ ಕಾಳಜಿ ಪ್ರಾಮಾಣಿಕವೆಂದು ನನಗೆ ಗೊತ್ತು. ಆದರೆ ಒಂದು ರಾತ್ರಿ ನಿಜಕ್ಕೂ ಮೆಸೇಜ್ ಬಂದರೆ ಏನು ಹೇಳಬೇಕೆಂದು ಮೊದಲೇ ತಿಳಿದುಕೊಂಡಿರಿ. "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬುದು ಸುಳ್ಳು ಭಯ; ಹಾಗೆ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂದು ಸಂಶೋಧನೆಗಳು ತೋರಿಸಿವೆ. ಕೇಳಿ, ಅವರನ್ನು ಒಂಟಿಯಾಗಿ ಬಿಡಬೇಡಿ, ಮನೆಯವರಿಗೆ ಅಥವಾ ಹತ್ತಿರದವರಿಗೆ ತಿಳಿಸಿ, 14416ಕ್ಕೆ ಫೋನ್ ಮಾಡಿ ಅಥವಾ ಅವರಿಂದ ಮಾಡಿಸಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರಿ ಸಹಾಯವಾಣಿ. ಹಗಲೂ ರಾತ್ರಿಯೂ ಇರುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2020ರ ಜೂನ್‌ನಲ್ಲಿ ನಟ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡಾಗ ಆದದ್ದನ್ನು ನೆನಪಿಸಿಕೊಳ್ಳಿ. ಒಂದು ಕಡೆ "ಮಾತಾಡಿ" ಎಂಬ ಹ್ಯಾಷ್‌ಟ್ಯಾಗು, ಇನ್ನೊಂದು ಕಡೆ ಸಾವಿನ ರೀತಿಯ ವಿವರ, ಹಂಚಬಾರದ ಚಿತ್ರಗಳು, ಯಾರ ಮೇಲೆ ತಪ್ಪು ಹೊರಿಸಬೇಕೆಂಬ ಜಗಳ. ಆತ್ಮಹತ್ಯೆಯ ವಿಧಾನವನ್ನು ವಿವರಿಸಬಾರದು, ಅದನ್ನು ವೈಭವೀಕರಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮಗಳಿಗೆ ಸ್ಪಷ್ಟವಾಗಿ ಹೇಳಿದೆ. ಈಗ ಫೋನ್ ಹಿಡಿದ ನಾವೆಲ್ಲರೂ ಮಾಧ್ಯಮವೇ ಆಗಿರುವುದರಿಂದ ಆ ನಿಯಮ ನಮಗೂ ಅನ್ವಯಿಸುತ್ತದೆ.

ಅತಿಯಾದ ಅರಿವಿನಿಂದಲೂ ತೊಂದರೆ ಇದೆ ಎಂಬ ವಾದ ಇತ್ತೀಚೆಗೆ ಗಟ್ಟಿಯಾಗಿ ಕೇಳಿಬರುತ್ತಿದೆ. ಸಹಜವಾದ ಬೇಸರವನ್ನೂ ಕಾಯಿಲೆಯೆಂದು ಓದಿಕೊಳ್ಳುವ ಅಭ್ಯಾಸವನ್ನು ಅಭಿಯಾನಗಳೇ ಬೆಳೆಸುತ್ತಿರಬಹುದೇ ಎಂದು ಬ್ರಿಟನ್ನಿನ ಮನಶ್ಶಾಸ್ತ್ರಜ್ಞರಾದ ಲೂಸಿ ಫೌಕ್ಸ್ ಮತ್ತು ಜಾಕ್ ಆಂಡ್ರ್ಯೂಸ್ 2023ರಲ್ಲಿ ಪ್ರಶ್ನೆ ಎತ್ತಿದರು. ಟಿಕ್‌ಟಾಕ್‌ನಲ್ಲಿ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಬಗ್ಗೆ ಹೆಚ್ಚು ಜನ ನೋಡಿದ 100 ವಿಡಿಯೊಗಳನ್ನು ಪರಿಶೀಲಿಸಿದ ಕೆನಡಾದ ಸಂಶೋಧಕರು, ಅವುಗಳಲ್ಲಿ 52 ದಾರಿ ತಪ್ಪಿಸುವಂಥವು ಎಂದು 2022ರಲ್ಲಿ ವರದಿ ಮಾಡಿದರು. ಈ ಎಚ್ಚರಿಕೆ ನಮ್ಮ ರೀಲುಗಳಿಗೂ ಬೇಕು. ಆದರೆ ಇದೇ ವಾದವನ್ನು ಹಿಡಿದು "ಈಗಿನ ಮಕ್ಕಳಿಗೆ ಎಲ್ಲಾ ಡಿಪ್ರೆಶನ್ನೇ" ಎಂದು ತಳ್ಳಿಹಾಕುವ ಹಿರಿಯರ ಮಾತನ್ನು ನಾನು ಒಪ್ಪಲಾರೆ. ತನಗೆ ಕಾಯಿಲೆ ಇದೆಯೆಂದು ಹೇಳಿಕೊಂಡ ಹುಡುಗಿಗೆ ಕಾಯಿಲೆ ಇಲ್ಲದಿದ್ದರೆ ಅದನ್ನು ವೈದ್ಯರು ಹೇಳಲಿ. ಅಷ್ಟರವರೆಗೆ ಅವಳ ಸಂಕಟವನ್ನು ಸುಳ್ಳೆನ್ನುವ ಅಧಿಕಾರ ನಮಗಿಲ್ಲ.

ಹಾಗಾದರೆ ಕೆಲಸ ಮಾಡುವುದು ಯಾವುದು? 2022ರಲ್ಲಿ ಬಂದ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ ವರದಿ ಒಂದು ಮಾತನ್ನು ಒತ್ತಿ ಹೇಳಿದೆ: ಕಳಂಕವನ್ನು ಕಡಿಮೆ ಮಾಡುವುದರಲ್ಲಿ, ಕಾಯಿಲೆಯನ್ನು ಅನುಭವಿಸಿದವರ ಜೊತೆಗಿನ ಒಡನಾಟದಷ್ಟು ಪರಿಣಾಮಕಾರಿಯಾದದ್ದು ಬೇರೆ ಇಲ್ಲ. ಪಕ್ಕದ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಸ್ಮಾರ್ಟ್ ಮೆಂಟಲ್ ಹೆಲ್ತ್ ಯೋಜನೆಯಲ್ಲಿ ಅರಿವು ಮೂಡಿಸುವ ಅಭಿಯಾನವೂ ಇತ್ತು, ಅದರ ಬೆನ್ನಿಗೇ ಟ್ಯಾಬ್ಲೆಟ್ ಕಂಪ್ಯೂಟರ್ ಹಿಡಿದು ಮನೆಮನೆಗೆ ಹೋದ ಆಶಾ ಕಾರ್ಯಕರ್ತೆಯರೂ, ಅವರು ಕಳಿಸಿದವರನ್ನು ನೋಡಲು ತರಬೇತಿ ಪಡೆದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಇದ್ದರು. ತೊಂದರೆ ಇದೆಯೆಂದು ಗುರುತಿಸಿದವರಲ್ಲಿ ಮೊದಲು ಶೇ 1ರಷ್ಟೂ ಜನ ಚಿಕಿತ್ಸೆ ಪಡೆಯುತ್ತಿರಲಿಲ್ಲ, ಯೋಜನೆಯ ಅವಧಿಯಲ್ಲಿ ಅದು ಶೇ 12ನ್ನು ದಾಟಿತು. ನಮ್ಮಲ್ಲೂ ಇದರ ಬೇರುಗಳಿವೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾಡಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ ಚಿಕಿತ್ಸೆ ಕೊಟ್ಟ ಕೆಲಸವಂತೂ ಹಳ್ಳಿಯಲ್ಲಿದ್ದುಕೊಂಡೇ ಇವರು ದುಡಿದು ಬಾಳಬಲ್ಲರು ಎಂಬುದನ್ನು ತೋರಿಸಿಕೊಟ್ಟಿತು. ಇವೆಲ್ಲದರಲ್ಲೂ ಹೇಳಿದವರು ಮತ್ತು ಕೇಳಿಸಿಕೊಂಡವರು ಮುಖ ನೋಡಿ ಮಾತಾಡಿದ್ದರು, ಮಾತಿನ ತುದಿಯಲ್ಲಿ ಮಾತ್ರೆ ಕೊಡುವ ಒಬ್ಬ ವೈದ್ಯರಿದ್ದರು.

ಆದ್ದರಿಂದ ಈ ವರ್ಷ ಪೋಸ್ಟ್ ಹಾಕುವವರು ದಯವಿಟ್ಟು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಒಂದು ಫೋನ್ ಮಾಡಿ, ಮನೋವೈದ್ಯರು ತಿಂಗಳಿನ ಯಾವ ಮಂಗಳವಾರ ಬರುತ್ತಾರೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಇರುತ್ತಾರೆ, ಯಾವ ಕೊಠಡಿ ಎಂದು ಕೇಳಿ ಬರೆಯಿರಿ. ಖಿನ್ನತೆಯ ಮಾತ್ರೆ ಕೆಲಸ ಆರಂಭಿಸಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರವೇ ಏನೂ ಆಗಲಿಲ್ಲವೆಂದು ಬಿಡಬಾರದು, ಗುಣವಾಯಿತೆಂದು ತಾವಾಗಿ ನಿಲ್ಲಿಸಲೂಬಾರದು ಎಂದು ಬರೆಯಿರಿ. ದೀರ್ಘಕಾಲದ ಮಾನಸಿಕ ಕಾಯಿಲೆಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ, ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿದ್ದರೆ ಪ್ರಮಾಣಪತ್ರ ಪಡೆಯಬಹುದು ಎಂಬುದು ಎಷ್ಟೋ ತಾಯಂದಿರಿಗೆ ಗೊತ್ತೇ ಇಲ್ಲ, ಅದನ್ನೂ ಬರೆಯಿರಿ. ಬರೆದದ್ದನ್ನು ನಿಮ್ಮ ಫೇಸ್‌ಬುಕ್ ಗೋಡೆಯ ಮೇಲೆ ಮಾತ್ರ ಬಿಡದೆ ಸ್ತ್ರೀಶಕ್ತಿ ಸಂಘದ, ಹಾಲಿನ ಡೇರಿಯ, ಶಾಲೆಯ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳಿಸಿ. ಓದಲು ಬಾರದವರಿಗಾಗಿ ನಿಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿ ಕಳಿಸಿದರೆ ಇನ್ನೂ ಒಳ್ಳೆಯದು.

ಇನ್ನು, ಅಭಿಯಾನಗಳು ಬಹುಮಟ್ಟಿಗೆ ಮುಟ್ಟದೇ ಬಿಟ್ಟಿರುವ ವಿಷಯವೊಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ನಿನ ಪ್ರಕಾರ, ಸರ್ಕಾರ ಪ್ರಕಟಿಸುವ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು. ಇದು ದಯೆಯಲ್ಲ, ಹಕ್ಕು. ಹಾಗಿದ್ದರೂ "ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ" ಎಂಬ ಮಾತನ್ನು ಕೇಳಿ ಖಾಲಿ ಕೈಯಲ್ಲಿ ಬಸ್ ಹತ್ತಿದವರನ್ನು ನಾನು ಆ ಬೆಂಚಿನ ಮೇಲೆ ಕೂತೇ ನೋಡಿದ್ದೇನೆ. ಆ ಮಾತು ಕೇಳಿಬಂದ ದಿನ ಆಸ್ಪತ್ರೆಯ ಹೆಸರು, ದಿನಾಂಕ, ಸಿಗದ ಮಾತ್ರೆಯ ಹೆಸರು ಬರೆದು, ರೋಗಿಯ ಗುರುತು ಎಲ್ಲೂ ಬಾರದಂತೆ, ಜಿಲ್ಲಾ ಆರೋಗ್ಯಾಧಿಕಾರಿಗೂ ಶಾಸಕರಿಗೂ ಟ್ಯಾಗ್ ಮಾಡಿ ಹಾಕಿ. ಹಸಿರು ರಿಬ್ಬನ್ನನ್ನು ಹಂಚಿಕೊಂಡ ನಾವೆಲ್ಲರೂ ಅದನ್ನೂ ಹಂಚಿಕೊಂಡರೆ, ಮುಂದಿನ ಮಂಗಳವಾರದೊಳಗೆ ಸ್ಟಾಕ್ ತರಿಸಬೇಕಾದ ಒತ್ತಡ ಅಧಿಕಾರಿಗಳ ಮೇಲೆ ಬೀಳುತ್ತದೆ.